ಬ್ರೇಕ್ ಮೇಷ್ಟ್ರು ವಿಮಾನ ಹತ್ತಿದ್ದು

"ಈ ನೆಲದ ಮೇಲೆ ನಾನು ಕಲಿಯೋದು ಇನ್ನೇನೂ ಉಳಿದಿಲ್ಲ! ಇನ್ನೇನಿದ್ರೂ ಮೇಲೆ!" ಎಂದು ಬ್ರೇಕ್ ಮೇಷ್ಟ್ರು ಒಂದು ಬೆಳಿಗ್ಗೆ ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಘೋಷಿಸಿಬಿಟ್ಟರು.

"ಮೇಲೆ ಹೋಗೋಕೆ ಅಷ್ಟೇನು ಅವಸರ? ಮೊದಲು ಬಾಯಿ ತೊಳ್ಕೊಂಡು ಬನ್ನಿ," ಎಂದರು ಮನೆಯಾಕೆ.

ಮೇಷ್ಟ್ರು ತಮಾಷೆ ಮಾಡುತ್ತಿರಲಿಲ್ಲ. ಅವರದು ಕಾರು ಕಲಿಸುವ ಕಸುಬು. ಅಂಥ ಕಾರುಗಳಲ್ಲಿ ಕಲಿಸುವವರು ಕೂರುವ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ, ಆಪತ್ತಿಗೆಂದು. ಮೇಷ್ಟ್ರಿಗೆ ಎಲ್ಲವೂ ಆಪತ್ತೇ. ಎದುರಿಗೆ ಸೈಕಲ್ ಬಂದರೆ ಒತ್ತು, ನಾಯಿ ಬಾಲ ಅಲ್ಲಾಡಿಸಿದರೆ ಒತ್ತು, ಶಿಷ್ಯ ಸೀನಿದರೂ ಒತ್ತು! ಊರಿನ ಅರ್ಧಕ್ಕರ್ಧ ಜನ ಅವರ ಕೈಕೆಳಗೆ, ಅಂದರೆ ಕಾಲಕೆಳಗೆ, ತಲೆ ಮುಂದಕ್ಕೆ ಬಗ್ಗಿಸಿ ತಲೆ ಹಿಂದಕ್ಕೆ ಎಸೆದು ಕಾರು ಕಲಿತವರು. ಹೆಸರು ಹಾಗೇ ಬಂದದ್ದು. ಮೇಷ್ಟ್ರಿಗೆ ಮಾತ್ರ ಅದು ಬಿರುದೆಂದೇ ಭಾವನೆ.

ಊರಾಚೆಯ ವಿಮಾನ ಕಲಿಕೆಯ ಶಾಲೆಗೆ ಅವರು ಸೇರಿಯೇಬಿಟ್ಟರು. ಅಲ್ಲಿ ಮೊದಲ ಮೆಟ್ಟಿಲೇ ಡಾಕ್ಟರು. ಕಣ್ಣು, ಕಿವಿ, ಎದೆಬಡಿತ, ರಕ್ತ, ಬಣ್ಣ ಗುರುತಿಸುವುದು, ಎಲ್ಲವನ್ನೂ ನೋಡಿ ಡಾಕ್ಟರು ಸೈ ಅಂದರು. ಬಲಗಾಲನ್ನು ಯಾರೂ ಪರೀಕ್ಷಿಸಲಿಲ್ಲ.

ಕಲಿಸುವ ಕ್ಯಾಪ್ಟನ್ ವಯಸ್ಸಿನಲ್ಲಿ ಚಿಕ್ಕವರು, ಮಾತು ಇನ್ನೂ ಚಿಕ್ಕದು. ಮೊದಲ ದಿನ ಅವರು ವಿಮಾನದ ಹತ್ತಿರಕ್ಕೂ ಬಿಡಲಿಲ್ಲ. ಎದುರಿಗೆ ಕೂರಿಸಿಕೊಂಡು ಕೇಳಿದರು: "ಮೇಷ್ಟ್ರೇ, ಶುರು ಮಾಡೋ ಮುಂಚೆ ನನಗೆ ಒಂದು ಗೊತ್ತಾಗ್ಬೇಕು. ನೆಲದ ಮೇಲೆ ಗಾಡಿ ಓಡಿಸಿದವರಿಗೆಲ್ಲ ಏನಾದ್ರೂ ಒಂದು ಅಭ್ಯಾಸ ಇರುತ್ತೆ. ಮೇಲೆ ಅದು ಕೈಕೊಡುತ್ತೆ. ನಿಮ್ದು ಯಾವ್ದು?"

"ನನ್ನವೆಲ್ಲ ಒಳ್ಳೇ ಅಭ್ಯಾಸಗಳೇ ಕ್ಯಾಪ್ಟನ್!" ಎಂದರು ಮೇಷ್ಟ್ರು, ಮೀಸೆ ನೀವಿಕೊಂಡು. "ನಾನೇ ಕಲಿಸೋನು ಸ್ವಾಮಿ!"

ಕ್ಯಾಪ್ಟನ್ ಮರುದಿನ ಅವರನ್ನು ವಿಮಾನದಲ್ಲಿ ಕೂರಿಸಿದರು. ಆಮೇಲೆ ಪೆಡಲ್ ತೋರಿಸಿದರು. ಪುಟ್ಟ ವಿಮಾನದಲ್ಲಿ ಇಬ್ಬರ ಕಾಲಕೆಳಗೂ ಒಂದೊಂದು ಜೊತೆ ಪೆಡಲ್. ಕೆಳಭಾಗ ತಳ್ಳಿದರೆ ವಿಮಾನದ ಮೂತಿ ತಿರುಗುತ್ತದೆ. ಮೇಲ್ಭಾಗವನ್ನು ಕಾಲ್ಬೆರಳ ತುದಿಯಿಂದ ಒತ್ತಿದರೆ ಚಕ್ರಕ್ಕೆ ಬ್ರೇಕ್. "ಇಳಿಯೋವಾಗ ಹಿಮ್ಮಡಿ ನೆಲದ ಮೇಲಿರ್ಲಿ. ಬೆರಳು ಮೇಲೆ ಹೋಗ್ಲೇಬಾರ್ದು. ಚಕ್ರ ಕಚ್ಕೊಂಡಿರೋವಾಗ ನೆಲ ಮುಟ್ಟಿದ್ರೆ ಮುಗೀತು."

"ಗೊತ್ತಾಯ್ತು ಗೊತ್ತಾಯ್ತು," ಎಂದರು ಮೇಷ್ಟ್ರು. ಬ್ರೇಕಿನ ವಿಷಯವನ್ನು ತಮಗೆ ಇನ್ನೊಬ್ಬರು ಹೇಳಿಕೊಡುವುದೇ!

ಮೂರನೆಯ ಪಾಠದ ದಿನ ಇಳಿಯುವಾಗ ಕ್ಯಾಪ್ಟನ್ನೇ ನಡೆಸುತ್ತಿದ್ದರು. ಮೇಷ್ಟ್ರು ಕೈಕಾಲು ಸುಮ್ಮನೆ ತಾಗಿಸಿಕೊಂಡು ಜೊತೆಗಿದ್ದರು. ರನ್‌ವೇ ಎದುರಿಗೆ ದಪ್ಪಗಾಗುತ್ತ ಬಂತು. ನೆಲ ನುಗ್ಗಿ ಬಂತು. ಪಕ್ಕದ ಸೀಟು, ಬೇರೆಯವರ ಕೈಯಲ್ಲಿ ಸ್ಟೀರಿಂಗು, ಎದುರಿಗೆ ಆಪತ್ತು! ಮೇಷ್ಟ್ರ ತಲೆ ಏನನ್ನೂ ಹೇಳಲಿಲ್ಲ. ಕಾಲು ತನ್ನ ಕೆಲಸ ತಾನು ಮಾಡಿತು.

ಟಯರು ಎರಡೂ ಸಿಡಿದವು. ವಿಮಾನ ಪಕ್ಕಕ್ಕೆ ಸೆಳೆದುಕೊಂಡು ಹೋಗಿ ಚರಂಡಿಗೆ ಮೂತಿ ಹಾಕಿ ಮಗುಚಿಕೊಂಡಿತು. ಆಮೇಲೆ ಸದ್ದೇ ಇಲ್ಲ. ಇಬ್ಬರೂ ಬೆಲ್ಟಿನಿಂದ ತಲೆಕೆಳಗಾಗಿ ನೇತಾಡುತ್ತಿದ್ದರು. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಏನೋ ತೊಟ್ಟಿಕ್ಕುತ್ತಿತ್ತು. ಈಗ ಬೆಂಕಿ ಹತ್ತಿದರೆ ಎಂಬ ಒಂದೇ ಯೋಚನೆ ಮೇಷ್ಟ್ರ ತಲೆಯಲ್ಲಿ.

"ಮೊದ್ಲು ನೀವು ಇಳೀರಿ ಮೇಷ್ಟ್ರೇ," ಎಂದಿತು ಕ್ಯಾಪ್ಟನ್ನರ ದನಿ. "ನನಗೆ ಕತ್ತು ತಿರುಗಿಸೋಕೆ ಆಗ್ತಿಲ್ಲ."

ಬೆಂಕಿ ಹತ್ತಲಿಲ್ಲ. ಅಷ್ಟು ಪುಣ್ಯ. ಮೇಷ್ಟ್ರ ಬಲಪಾದದ ಮೂಳೆ ಮುರಿದು ಮಂಡಿಯವರೆಗೆ ಪ್ಲಾಸ್ಟರ್ ಬಿತ್ತು. ಕ್ಯಾಪ್ಟನ್ನರ ಕತ್ತಿನ ಮೂಳೆ ಬಿರುಕುಬಿಟ್ಟಿತು. ಮನೆಯಲ್ಲಿ ಅವರಿಗೊಬ್ಬಳು ಪುಟ್ಟ ಮಗಳಂತೆ, ಎತ್ತಿಕೋ ಎಂದು ಅಳುತ್ತಾಳಂತೆ, ಇವರು ಬಗ್ಗುವಂತಿಲ್ಲವಂತೆ. ಮನೆಯಾಕೆ ಆಸ್ಪತ್ರೆಯಲ್ಲಿ ಇದನ್ನು ಹೇಳಿದಾಗ ಮೇಷ್ಟ್ರು ಗೋಡೆ ಕಡೆ ತಿರುಗಿ ಮಲಗಿದರು.

ಮುರಿದ ವಿಮಾನವನ್ನು ಬಿಚ್ಚಿ ನೋಡಿದವರು ಬ್ರೇಕ್ ಕೆಟ್ಟಿರಲಿಲ್ಲ ಎಂದರು. ಹಾಗಾದರೆ ಯಾರದೋ ಕಾಲು. ವಿಮಾನದಲ್ಲಿದ್ದದ್ದು ಒಟ್ಟು ನಾಲ್ಕೇ ಕಾಲು! ಕ್ಯಾಪ್ಟನ್ನರದು ಎಂದಾದರೆ ಅವರ ಲೈಸೆನ್ಸು ಹೋಯಿತು, ಅನ್ನ ಹೋಯಿತು. ಮೇಷ್ಟ್ರನ್ನು ವಿಚಾರಣೆಗೆ ಕರೆದರು.

"ನನ್ನ ಕಾಲಂತೂ ಅಲ್ಲ," ಎಂದರು ಮೇಷ್ಟ್ರು ಮನೆಯಾಕೆಗೆ. "ಹಿಮ್ಮಡಿ ನೆಲದ ಮೇಲೇ ಇತ್ತು ಕಣೇ!"

"ನಾನು ಗಾಡಿ ಓಡಿಸೋವಾಗ ನೀವು ಎಷ್ಟು ಸಲ ಬ್ರೇಕ್ ಒತ್ತಿದೀರಿ ಹೇಳಿ."

"ಒಂದ್ಸಲಾನೂ ಇಲ್ಲ!"

"ಹಾಲಿನಂಗಡಿಯಿಂದ ಮನೆಗೆ ಬರೋದ್ರೊಳಗೆ ನನ್ನ ಹಣೆ ಸ್ಟೀರಿಂಗಿಗೆ ಎಷ್ಟು ಸಲ ಬಡಿಯುತ್ತೆ ಅಂತ ನನಗೆ ಗೊತ್ತು ಕಣ್ರೀ. ಒತ್ತೋದು ನಿಮಗೇ ಗೊತ್ತಾಗಲ್ಲ. ಅಲ್ಲಿ ಆ ಮನುಷ್ಯನ ಕತ್ತು ಹೋಯ್ತು, ಈಗ ಕೆಲಸಾನೂ ತೆಗೀತೀರಾ?"

"ಒಪ್ಕೊಂಡ್ರೆ ನಾಳೆಯಿಂದ ನನ್ನ ಹತ್ರ ಯಾರು ಕಾರು ಕಲೀತಾರೆ? ಬೋರ್ಡು ಇಳಿಸ್ಬೇಕಾಗುತ್ತೆ!"

ಮನೆಯಾಕೆ ಎದ್ದು ಒಳಗೆ ಹೋದರು. ಮೇಷ್ಟ್ರಿಗೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಬೈದರೆ ತಿರುಗಿ ಬೈಯಬಹುದಿತ್ತು.

ವಿಚಾರಣೆಯ ದಿನ ಮೇಷ್ಟ್ರ ಕಲಿಸುವ ಕಾರನ್ನು ಓಡಿಸಿದ್ದು ಮನೆಯಾಕೆ. ಮೇಷ್ಟ್ರು ಪಕ್ಕದ ಸೀಟಿನಲ್ಲಿ ಪ್ಲಾಸ್ಟರ್ ಕಾಲು ಚಾಚಿಕೊಂಡು ದಾರಿಯುದ್ದಕ್ಕೂ ಪಾಠ ಒಪ್ಪಿಸುತ್ತಿದ್ದರು: "ಹಿಮ್ಮಡಿ ನೆಲದ ಮೇಲಿತ್ತು ಸಾರ್. ಬೆರಳು ಮೇಲೆ ಹೋಗ್ಲೇ ಇಲ್ಲ ಸಾರ್." ಕಾರು ಕಚೇರಿಯ ಅಂಗಳಕ್ಕೆ ನಿಧಾನವಾಗಿ ತಿರುಗಿತು. ದೂರದಲ್ಲಿ ಕತ್ತಿಗೆ ಪಟ್ಟಿ ಕಟ್ಟಿಕೊಂಡ ಒಬ್ಬರು ಅಂಗಳ ದಾಟುತ್ತಿದ್ದರು. ಮನೆಯಾಕೆ ಆಗಲೇ ವೇಗ ತಗ್ಗಿಸಿದ್ದರು.

ಧಡಕ್!

ಕಾರು ನಿಂತಲ್ಲೇ ನಿಂತಿತು. ಮೇಷ್ಟ್ರು "ಅಯ್ಯಯ್ಯಪ್ಪೋ!" ಎಂದು ಅಂಗಳವೆಲ್ಲ ಕೇಳುವಂತೆ ಕಿರುಚಿದರು. ಮುರಿದ ಕಾಲು, ಪ್ಲಾಸ್ಟರ್ ಸಮೇತ, ಬ್ರೇಕಿನ ಮೇಲಿತ್ತು.

ಅಂಗಳ ದಾಟುತ್ತಿದ್ದ ಆ ಒಬ್ಬರು ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ನೋಡಿದರು. ಕ್ಯಾಪ್ಟನ್! ಒಂದೊಂದೇ ಹೆಜ್ಜೆ ಇಡುತ್ತ ಕಿಟಕಿಯ ಬಳಿ ಬಂದರು. ಒಳಗೆ ನೋಡಿದರು, ಕಾಲು ನೋಡಿದರು, ಕಾಲಕೆಳಗಿನ ಪೆಡಲ್ ನೋಡಿದರು. ಮೇಷ್ಟ್ರು ಕಾಲು ತೆಗೆಯಲು ಹೋದರೆ ಬರಲೊಲ್ಲದು.

"ತುಂಬ ನೋವಾ ಮೇಷ್ಟ್ರೇ?" ಎಂದು ಕೇಳಿದರು ಕ್ಯಾಪ್ಟನ್. ಅಷ್ಟೇ ಕೇಳಿದ್ದು.

ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಈ ಮನುಷ್ಯ ಕೂಗಾಡಿದ್ದರೆ ಎಷ್ಟು ಚೆನ್ನಾಗಿತ್ತು!

ಒಳಗೆ ಅಧಿಕಾರಿಗಳು ನೇರವಾಗಿ ವಿಷಯಕ್ಕೆ ಬಂದರು. "ಇಳಿಯೋವಾಗ ನಿಮ್ಮ ಕಾಲು ಎಲ್ಲಿತ್ತು?"

ದಾರಿಯುದ್ದಕ್ಕೂ ಉರುಹೊಡೆದದ್ದನ್ನು ಬಿಟ್ಟು ಮೇಷ್ಟ್ರು ಬೇರೆಯೇ ಹೇಳಿದರು. "ಬ್ರೇಕ್ ಮೇಲೆ ಸಾರ್. ಎರಡೂ."

"ಖಂಡಿತಾನಾ? ಚೆನ್ನಾಗಿ ನೆನಪಿದೆಯಾ?"

"ನೆನಪೇನೂ ಇಲ್ಲ ಸಾರ್," ಎಂದರು ಮೇಷ್ಟ್ರು, ತಲೆ ತಗ್ಗಿಸಿ. "ಈಗ ತಾನೇ ಕಣ್ಣಾರೆ ನೋಡ್ಕೊಂಡು ಬಂದೆ."

ಕ್ಯಾಪ್ಟನ್ನರ ಲೈಸೆನ್ಸು ಉಳಿಯಿತು. ಕತ್ತು ಮೊದಲಿನ ಹಾಗೆ ತಿರುಗುತ್ತದೆಂದು ಮಾತ್ರ ಯಾವ ಡಾಕ್ಟರೂ ಹೇಳಲಿಲ್ಲ. ಅದು ತಿರುಗದಿದ್ದರೆ ಲೈಸೆನ್ಸು ಇಟ್ಟುಕೊಂಡು ಏನು ಮಾಡುವುದು? ಹೊರಗೆ ಬರುವಾಗ ಮೇಷ್ಟ್ರು ಕೈಮುಗಿದರು. ಕ್ಯಾಪ್ಟನ್ ತಲೆಯಾಡಿಸಲು ಹೋಗಿ, ಆಗದೆ, ಕಣ್ಣು ಮಿಟುಕಿಸಿದರು. ಮೇಷ್ಟ್ರು ಅಳಬಾರದೆಂದು ತುಟಿ ಕಚ್ಚಿಕೊಂಡು ಕಾರಿನವರೆಗೆ ಕುಂಟಿದರು. ಇನ್ನು ವಿಮಾನದ ಮಾತು ಎತ್ತುವುದಿಲ್ಲ, ಬೋರ್ಡು ಇಳಿಸಿದರೂ ಸರಿ ಎಂದು ಅಲ್ಲೇ ತೀರ್ಮಾನಿಸಿದರು.

ಮನೆಯಾಕೆ ಮುಂದಿನ ಬಾಗಿಲು ತೆಗೆಯಲಿಲ್ಲ. "ಹಿಂದೆ ಕೂತ್ಕೊಳ್ಳಿ. ಅಲ್ಲಿ ಬ್ರೇಕ್ ಇಲ್ಲ."

ಮೇಷ್ಟ್ರು ಹಿಂದೆ ಹತ್ತಿ ಕೂತರು. ಕಾರು ಸಂತೆಯ ಬೀದಿ ದಾಟಿ ದೊಡ್ಡ ರಸ್ತೆಗೆ ಬಂತು. ಬುದ್ಧಿ ಬಂದವರ ಹಾಗೆ ಅವರು ಕೈಕಟ್ಟಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಎದುರಿಗೆ ಒಂದು ಲಾರಿ ಬಂದು, ತನ್ನ ಪಾಡಿಗೆ ತಾನು ಹೋಯಿತು.

"ರೀ," ಎಂದರು ಮನೆಯಾಕೆ. "ನಿಮ್ಮ ಕಾಲೆಲ್ಲಿದೆ?"

"ನೆಲದ ಮೇಲೆ ಕಣೇ! ಹಿಮ್ಮಡಿ ಊರ್ಕೊಂಡು, ಅಲ್ಲಾಡದೆ!"

"ಹಾಗಾದ್ರೆ ಹಿಂದಿನಿಂದ ನನ್ನ ಬೆನ್ನಿಗೆ ಒದೀತಿರೋದು ಯಾರು?"