ಮನೆಮಂದಿಯೆಲ್ಲ ಹಂಚಿ ನುಂಗಿದ ಕಬ್ಬಿಣದ ಮಾತ್ರೆಯವರಿಗೆ

ಕೆಂಪು ಅಂಗಿ ತೊಟ್ಟು, ಬೆಳ್ಳಿ ಹಾಳೆಯ ಹಾಸಿಗೆಯಲ್ಲಿ ಹತ್ತು ಹತ್ತು ಜನ ಸಾಲಾಗಿ ಮಲಗಿ ನಮ್ಮ ಅಳವಂಡಿಗೆ ದಯಮಾಡಿಸುವ ಕಬ್ಬಿಣಾಂಶದ ಮಾತ್ರೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ಓಬಳೆಪ್ಪನೆಂಬ ನಾನು ತಮಗೆ ಮಾಡುವ ನಮಸ್ಕಾರಗಳು. ಸಾಷ್ಟಾಂಗ ಬೀಳುವುದು ಸದ್ಯಕ್ಕೆ ಹೊಟ್ಟೆಗೆ ಒಗ್ಗದ ಕಾರಣ ನಿಂತೇ ಕೈ ಮುಗಿದಿದ್ದೇನೆ, ಮನ್ನಿಸಬೇಕು.

ಆರು ತಿಂಗಳ ಬಸುರಿಯಾದ ನಮ್ಮ ಸೊಸೆ ಅಂಜಲಿಯ ರಕ್ತ ಎಂಟಕ್ಕೆ ಇಳಿದಿದೆ, ಹನ್ನೊಂದಾದರೂ ಇರಬೇಕು, ಹೀಗೇ ಬಿಟ್ಟರೆ ಹೆರಿಗೆಯಲ್ಲಿ ತಾಯಿಗೂ ಕೂಸಿಗೂ ಕಷ್ಟ ಎಂದು ಹೇಳಿ ಆರೋಗ್ಯ ಸಹಾಯಕಿ ವಿಜಯಲಕ್ಷ್ಮಿಯವರು ತಮ್ಮನ್ನು ದಿನಕ್ಕೆರಡರಂತೆ ತಿಂಗಳಿಗಾಗುವಷ್ಟು ಕೊಟ್ಟುಹೋದರು. ಆದರೆ ನಮ್ಮದು ಹಂಚಿ ತಿನ್ನುವ ಮನೆ. ಯಾರದೋ ಮದುವೆಯಿಂದ ಬಂದ ಒಂದೇ ಒಂದು ಲಡ್ಡನ್ನೂ ಐದು ಪಾಲು ಮಾಡಿ ತಿಂದವರು ನಾವು. ಹೀಗಾಗಿ ನನ್ನ ಹೆಂಡತಿ ಶರಣಬಸಮ್ಮ, “ಆಕಿ ಒಬ್ಬಾಕಿನ ಶಕ್ತಿ ಗುಳಿಗಿ ನುಂಗೂದು, ನಾವೆಲ್ಲಾ ಬಾಯಿ ನೋಡ್ಕೊಂತ ಕುಂದ್ರೂದು, ಛಲೋ ಕಾಣತೈತೇನ್ರಿ?” ಎಂದು ಕೇಳಿ, ದಿನಾ ಮುಂಜಾನೆ ತಮ್ಮನ್ನು ಪ್ರಸಾದದಂತೆ ಎಲ್ಲರ ಅಂಗೈಗೂ ಒಂದೊಂದು ಹಾಕಿದಳು. ಅದರ ಮೇಲೆ ಒಂದೊಂದು ಲೋಟ ಚಹಾ ಕುಡಿದೆವು.

ತಮ್ಮ ಪ್ರತಾಪವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಎಪ್ಪತ್ತೆಂಟರ ನನ್ನ ತಾಯಿ ಮುದುಕಮ್ಮ, ತನ್ನ ಮಲ ಕಪ್ಪಗಾದದ್ದನ್ನು ಕಂಡು, ಮಾಟವೇ ಇರಬೇಕೆಂದು ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಹೊತ್ತಳು. ನಾನಂತೂ ಹೊಟ್ಟೆ ಕಟ್ಟಿ ನಾಲ್ಕು ದಿನ ಶೌಚಾಲಯದಲ್ಲೇ ಠಾಣೆ ಹೂಡಿದ್ದರಿಂದ, ನೆರೆಯ ಜಿಲಾನಸಾಬರು ಬಾಗಿಲು ತಟ್ಟಿ ಜೀವವಿದೆಯೇ ಎಂದು ವಿಚಾರಿಸಿದರು. ನನ್ನ ಮಗ, ಅಂಜಲಿಯ ಗಂಡ ಹನುಮೇಶನಿಗೆ ಮಾತ್ರ ಏನೂ ಆಗಲಿಲ್ಲ. ಅವನು ತನ್ನ ಪಾಲನ್ನು ಕಿಟಕಿಯಿಂದ ಎಸೆಯುತ್ತಿದ್ದನೆಂಬುದು ಆಮೇಲೆ ತಿಳಿಯಿತು.

ಹನ್ನೆರಡು ದಿನಕ್ಕೆ ತಾವು ಖರ್ಚಾದಿರಿ. ಮುಂದಿನ ತಪಾಸಣೆಯಲ್ಲಿ ಅಂಜಲಿಯ ರಕ್ತ ಎಂಟರಿಂದ ಕದಲಿರಲಿಲ್ಲ. ಎಲ್ಲರೂ ಹಂಚಿಕೊಂಡದ್ದನ್ನು ನಾನು ಒಪ್ಪಿಕೊಂಡೆ. ವಿಜಯಲಕ್ಷ್ಮಿಯವರು, “ರಕ್ತ ಕಡಿಮಿ ಇದ್ದಾಕಿಗೆ ಇದು ಔಷಧ ಐತಿ, ಬ್ಯಾಡಾದವ್ರಿಗೆ ಹೊಟ್ಟಿ ಬ್ಯಾನಿ. ಅದರ ಮ್ಯಾಲ ಚಾ ಬ್ಯಾರೆ! ಚಾ ಕುಡಿದ್ರ ಗುಳಿಗಿ ಮೈಗೆ ಹತ್ತಂಗಿಲ್ಲ, ನಿಂಬಿಹಣ್ಣಿನ ನೀರಾಗ ಕೊಡ್ರಿ. ಸಣ್ಣ ಹುಡುಗರ ಕೈಗೆ ಸಿಕ್ಕಿದ್ರಂತೂ ಜೀವಕ್ಕ ಬರತೈತಿ!” ಎಂದು ಇಡೀ ಓಣಿ ಕೇಳುವಂತೆ ಬೈದರು.

ಆದ್ದರಿಂದ ಮಾನ್ಯರಲ್ಲಿ ವಿನಂತಿಸುವುದೇನೆಂದರೆ, ಇನ್ನು ಮುಂದೆ ತಾವು ಯಾವ ಗಂಟಲಿಗೆ ಇಳಿಯುತ್ತಿದ್ದೀರೆಂದು ಮೊದಲೇ ಹೆಸರು, ವಯಸ್ಸು ಕೇಳಿಕೊಳ್ಳಬೇಕು. ನಾನೆಂದು ಗೊತ್ತಾದ ಕೂಡಲೇ ತಿರುಗಿ ಹೊರಗೆ ಬಂದು, ನಡೆದುಕೊಂಡೇ ಅಂಜಲಿಯ ಬಳಿಗೆ ಹೋಗಬೇಕು. ಚಹಾದೊಂದಿಗಿರುವ ತಮ್ಮ ವೈಮನಸ್ಯವನ್ನು ಹಿರಿಯರ ಸಮಕ್ಷಮ ಬಗೆಹರಿಸಿಕೊಳ್ಳಬೇಕು. ಮತ್ತು ನನ್ನ ಕರುಳಿನಲ್ಲಿ ಇನ್ನೂ ಬೀಡುಬಿಟ್ಟಿರುವ ತಮ್ಮ ಬಂಧುಗಳನ್ನು ಬೇಗನೆ ಕರೆಸಿಕೊಳ್ಳಬೇಕು.

ಹೊಸದಾಗಿ ಬಂದ ತಮ್ಮವರನ್ನು ಈಗ ಅಂಜಲಿಯ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈಯನ್ನು ಅವಳಿಗೇ ಕೊಟ್ಟಿದ್ದೇವೆ. ಅವಳ ರಕ್ತ ಹನ್ನೊಂದಾಗುವವರೆಗೆ ನನಗೆ ನೆಮ್ಮದಿಯಿಲ್ಲ.

ಹೊಟ್ಟೆ ಸಡಿಲವಾಗುವುದನ್ನೇ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಓಬಳೆಪ್ಪ, ಅಳವಂಡಿ

ತಾ.ಕ.: ಈ ಹುಡುಗಿ ಮನೆಯಲ್ಲಿ ಉಣ್ಣುವುದು ಎಷ್ಟು ಹೊತ್ತಿಗೆ ಎಂದು ಹೋಗುವಾಗ ವಿಜಯಲಕ್ಷ್ಮಿಯವರು ಕೇಳಿದರು. ಎಲ್ಲರದೂ ಆದ ಮೇಲೆ ಎಂದೆ. ಅವರು ಅದನ್ನು ತಮ್ಮ ಪುಸ್ತಕದಲ್ಲಿ, ಅಂಜಲಿಯ ಎಂಟರ ಪಕ್ಕ ಬರೆದುಕೊಂಡು ಹೋದರು. ಸೋಮವಾರದಿಂದ ಅಂಜಲಿಯನ್ನು ಮೊದಲು ಕೂರಿಸಿ, ಕೊನೆಗೆ ನಾನು ಉಣ್ಣುತ್ತಿದ್ದೇನೆ. ನಿನ್ನೆ ನನ್ನ ಪಾಲಿಗೆ ಒಂದು ರೊಟ್ಟಿ, ತಿಳಿ ಸಾರು ಉಳಿದಿತ್ತು. ಸೊಪ್ಪಿನ ಪಲ್ಯದ ಪಾತ್ರೆಯನ್ನು ಯಾರೋ ಬಳಿದು ತಿಂದಿದ್ದರು. ಅವಳು ಈ ಮನೆಗೆ ಬಂದ ಮೂರು ವರ್ಷದಿಂದ ಅದನ್ನು ಬಳಿಯುತ್ತಿದ್ದವನು ನಾನೇ. ಹಂಚಿ ತಿನ್ನುವ ಈ ಮನೆಯಲ್ಲಿ ಅವಳಿಗೆ ಸರಿಪಾಲು ಸಿಕ್ಕಿದ್ದು ತಮ್ಮಲ್ಲಿ ಮಾತ್ರ, ಅದೂ ಅವಳದನ್ನೇ ಕಸಿದುಕೊಂಡು ಕೊಟ್ಟದ್ದು.