ಹುಳುಮನೆ ಪಕ್ಕದ ಸೊನಾಟ

ನನ್ನ ಕಿವಿಯ ಬಗ್ಗೆ ನನಗೆ ತುಂಬ ಅಭಿಮಾನ. ನನ್ನ ಮೂಗನ್ನೋ ಅಡುಗೆಯನ್ನೋ ಯಾರು ಏನೆಂದರೂ ಸುಮ್ಮನಿರುತ್ತೇನೆ. ಕಿವಿಯ ಸುದ್ದಿಗೆ ಬಂದರೆ ಬಿಡುವುದಿಲ್ಲ. ಅಂತರ್ಜಾಲದ ಸಂಗೀತ ಪತ್ರಿಕೆಯೊಂದಕ್ಕೆ ನಾನು ಪಿಯಾನೋ ಧ್ವನಿಮುದ್ರಿಕೆಗಳ ವಿಮರ್ಶೆ ಬರೆಯುತ್ತೇನೆ. ಅದನ್ನು ನಂಬಿ ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ. ಗುಡೇಮಾರನಹಳ್ಳಿಯಲ್ಲಿ ಮಾತ್ರ ಇದು ಯಾರಿಗೂ ಗೊತ್ತಿಲ್ಲ. ಬಾಗಿಲು ಹಾಕಿಕೊಂಡು ಕೂರುವುದನ್ನು ಕಂಡು, ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆಂದು ಮನೆಯೂ ಊರೂ ಸೇರಿ ತೀರ್ಮಾನಿಸಿವೆ. ನಾನು ತಿದ್ದಲು ಹೋಗಿಲ್ಲ. ಪರೀಕ್ಷೆ ಎಂದರೆ ಯಾರೂ ಒಳಗೆ ಬಂದು ಮದುವೆ ಮಾತೆತ್ತುವುದಿಲ್ಲ.

ಈ ಸಲ ಬಂದದ್ದು ಒಬ್ಬ ರಷ್ಯನ್ ಸಂಯೋಜಕನ ಸೊನಾಟಗಳು. ಪಿಯಾನೋ ಒಂದೇ, ಬೇರೆ ವಾದ್ಯದ ಆಸರೆಯಿಲ್ಲ. ಮೂವರು ಬೇರೆ ಬೇರೆಯಾಗಿ ನುಡಿಸಿದ್ದರು. ಯಾರದು ಮೇಲೆಂದು ನಾನು ಹೇಳಬೇಕಿತ್ತು. ಹೆಡ್‌ಫೋನ್ ಸಿಕ್ಕಿಸಿಕೊಂಡು ತೀರ್ಪು ಕೊಡುವವರೆಂದರೆ ನನಗೆ ತಾತ್ಸಾರ. ಸಂಗೀತ ಕೋಣೆಯ ಗಾಳಿಯಲ್ಲಿ ಹಾದು ಬರಬೇಕು. ನನ್ನ ಕೋಣೆಗೆ ಗಾಳಿ ಬರುವುದು ಜಾಲರಿ ಕಿಟಕಿಯಾಚೆಯ ಹುಳುಮನೆಯಿಂದ. ಅಲ್ಲಿ ಚಿಕ್ಕಮ್ಮ ರೇಷ್ಮೆ ಹುಳು ಸಾಕುತ್ತಾಳೆ.

ಮೊದಲ ಇಬ್ಬರನ್ನು ಕೇಳಿದ ದಿನ ಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಅವು ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲುಗದೆ ಇರುತ್ತವೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಮೊದಲನೆಯವರದು ಅವಸರ, ಎರಡನೆಯವರದು ಅಚ್ಚುಕಟ್ಟು. ಮೂರನೆಯವರನ್ನು ಕೇಳಿದ್ದು ನಾಲ್ಕಾರು ದಿನ ಬಿಟ್ಟು. ನಿಧಾನದ ಭಾಗದಲ್ಲಿ ಸ್ವರ ನಿಂತಾಗ, ಹಿಂದೆಲ್ಲೋ ಎಲೆಗಳ ಮೇಲೆ ಸಣ್ಣ ಮಳೆ ಹಿಡಿದಂತೆ ಸದ್ದು! ಮೈ ಜುಮ್ಮೆಂದಿತು. ‘ಇವರ ಮೌನಕ್ಕೂ ಜೀವವಿದೆ, ಸ್ವರಗಳ ನಡುವೆ ಏನೋ ಬೆಳೆಯುತ್ತಿದೆ’ ಎಂದು ಒಂದಿಡೀ ಪ್ಯಾರಾ ಬರೆದು, ಮೊದಲ ಸ್ಥಾನ ಕೊಟ್ಟುಬಿಟ್ಟೆ.

ಕಳಿಸಬೇಕಾದ ದಿನ ಖುಷಿ ತಡೆಯಲಾಗದೆ, ನನ್ನ ಸ್ವಭಾವವನ್ನೇ ಮರೆತು ಕರೆದೆ: “ಚಿಕ್ಕಮ್ಮ, ಒಸಿ ಬಾ. ಇದನ್ನ ಕೇಳು.”

“ಓದ್ಕೊಳೋದು ಬುಟ್ಟು ಇದೇನವ್ವಾ ಟಿಣ್ ಟಿಣ್?”

“ತಾಳು, ಈಗ ಬರುತ್ತೆ, ಮಳೆ ಥರ...”

ಬರಲಿಲ್ಲ. ಮತ್ತೆ ಹಾಕಿದೆ. ಸ್ವರ ನಿಂತಿತು, ಆಮೇಲೆ ಬರೀ ಖಾಲಿ, ನುಡಿಸುವವರು ಮುಂದಿನ ಪುಟ ಹುಡುಕುತ್ತಿರುವ ಹಾಗೆ.

ಚಿಕ್ಕಮ್ಮ ಒಮ್ಮೆ ಕಿಟಕಿಯತ್ತ ನೋಡಿ ಸೆರಗನ್ನು ಬಾಯಿಗೆ ಹಿಡಿದಳು. “ಅಯ್ಯೋ ನಿನ್ನ! ಅದು ನಮ್ಮ ಹುಳ ಸೊಪ್ಪು ತಿಂತಿದ್ದ ಸದ್ದು ಕಣಮ್ಮಿ. ಇವತ್ತು ಬೆಳಿಗ್ಗೆ ಎಲ್ಲಾ ಹಣ್ಣಾಗಿ ಗೂಡು ಕಟ್ಟಕ್ಕೆ ಬಿದಿರು ಚಂದ್ರಿಕೆ ತಟ್ಟೆ ಹತ್ಬುಟ್ವಲ್ಲ, ಇನ್ನೆಲ್ಲಿ ತಿಂತವೆ? ಅದ್ಯಾರು ಬಾರಿಸ್ದೋರು? ನಮ್ಮ ಹುಳ ಪಕ್ಕವಾದ್ಯಕ್ಕೆ ಬತ್ತವೆ ಅಂತ ಹೇಳು. ಸೊಪ್ಪು ಮಾತ್ರ ಅವರೇ ತರ್ಬೇಕು.”

ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಸದ್ದು. ಫ್ಯಾನಿನ ಸದ್ದಿನಂತೆ ಎಂದೋ ಕಿವಿಯಿಂದ ಇಳಿದುಹೋಗಿತ್ತು. ರಷ್ಯಾದ ಮೇಲೆ ಹಾದು ಬಂದಾಗ ಮಾತ್ರ ಕೇಳಿಸಿತು.

ಅವಳು ನಗುತ್ತಾ ಹೋದ ಮೇಲೆ ಮೂವರನ್ನೂ ಆ ನಿಶ್ಶಬ್ದದಲ್ಲೇ ಮತ್ತೊಮ್ಮೆ ಕೇಳಿದೆ. ಎರಡನೆಯವರೇ ಮೇಲು, ಸಂಶಯವೇ ಇಲ್ಲ. ನ್ಯಾಯ ನ್ಯಾಯವೇ: ಮೂರನೆಯವರನ್ನು ಇಳಿಸಿ ಅವರನ್ನು ಮೇಲೆ ಕೂರಿಸಿದೆ. ಉಳಿದದ್ದು ಮೌನದ ಮೇಲಿನ ಆ ಪ್ಯಾರಾ. ಅಳಿಸುವ ಮುಂಚೆ ಒಮ್ಮೆ ಓದಿದೆ. ಎಷ್ಟು ಚೆನ್ನಾಗಿತ್ತು! ಹೆಸರೊಂದನ್ನು ಬದಲಿಸಿ ಕಳಿಸಿಬಿಟ್ಟೆ.