ಆರಾಮ ಅದರಿ ಎಂದವಳ ಬಲಗೈ

ನನಗೊಂದು ಚಟವಿದೆ. "ಆರಾಮ ಇದ್ದೀರೇನ್ರಿ?" ಎಂದು ಯಾರು ಕೇಳಿದರೂ, ಮೈ ಜ್ವರದಿಂದ ಸುಡುತ್ತಿದ್ದರೂ, "ಆರಾಮ ಅದರಿ" ಎಂದು ಬಾಯಿ ತಾನಾಗಿ ಹೇಳಿಬಿಡುತ್ತದೆ. ನಮ್ಮ ಔರಾದ ಕಡೆ ಇದನ್ನು ಚಟ ಎನ್ನುವುದಿಲ್ಲ, ಮರ್ಯಾದೆ ಎನ್ನುತ್ತಾರೆ. ಈ ಮರ್ಯಾದೆ ಕಾಯುವುದರಲ್ಲಿ ನಾನು ಬಲಗೈಯನ್ನೇ ಕಳೆದುಕೊಳ್ಳುವುದರಲ್ಲಿದ್ದೆ.

ಕಳೆದ ಚಳಿಗಾಲದಲ್ಲಿ ನನ್ನ ಬಲಭುಜ ಬಿಗಿದುಕೊಂಡಿತು. ಕೈ ಕಿವಿಯಿಂದ ಮೇಲೇಳದು. ನಾನು ಶಾಲೆಯ ಟೀಚರು. ಬೋರ್ಡಿನ ಕೆಳಗಿನ ಅರ್ಧದಲ್ಲಷ್ಟೇ ಬರೆಯತೊಡಗಿದೆ, ಹಿಂದಿನ ಬೆಂಚಿನವರು ಎದ್ದು ನಿಂತು ಓದಿಕೊಂಡರು. ಅದು ಹೇಗೋ ನಡೆಯಿತು, ಆದರೆ ಜಡೆ? ಅಡತಿ ಅಂಗಡಿಯಲ್ಲಿ ವರ್ಷಗಟ್ಟಲೆ ತೊಗರಿ ಚೀಲ ಹೊಲಿದ ನಮ್ಮ ಮನೆಯವರು ಬಾಚಣಿಗೆ ಹಿಡಿದರು. "ಅಲ್ಲಾಡಬ್ಯಾಡ, ಸುಮ್ನ ಕೂಡು," ಎಂದು ಅವರು ಬಿಗಿದ ಬಿಗಿತಕ್ಕೆ ನನ್ನ ಹುಬ್ಬು ಮೇಲೇರಿ, ದಿನವಿಡೀ ಆಶ್ಚರ್ಯಪಟ್ಟುಕೊಂಡೇ ಪಾಠ ಮಾಡುತ್ತಿದ್ದೆ. ಡಾಕ್ಟರ ಮಾತ್ರೆ ಮುಗಿದರೂ ಕೈ ಏಳಲಿಲ್ಲ. ಭಾಲ್ಕಿಯ ನಮ್ಮಕ್ಕ ಫೋನು ಮಾಡಿ, "ಬೀದರದಾಗ ಸೂಜಿ ಚುಚ್ಚಿ ಮಾಲೀಸ್ ಮಾಡ್ತಾರ, ಹೋಗು," ಎಂದಳು.

ಸೂಜಿ ಎಂದರೆ ನನಗೆ ಕಂಡದ್ದು ಚೀಲ ಹೊಲಿಯುವ ದಬ್ಬಣ. ಬಸ್ಸು ಸಂತಪುರ ದಾಟುವುದರೊಳಗೆ ಎರಡು ಸಲ ಇಳಿದುಬಿಡುವ ಮನಸ್ಸಾಯಿತು. ಅಲ್ಲಿ ನೋಡಿದರೆ ಚಿಕಿತ್ಸೆ ಕೊಡುವ ನಸ್ರೀನ್ ಬಾಯಿಯವರ ಸೂಜಿ ಕೂದಲಿನಷ್ಟು ಸಣ್ಣದು! ಇರುವೆ ಕಚ್ಚಿದಂತಾಯಿತು, ತೋಳು ಭಾರವಾಯಿತು, ಆಮೇಲೆ ನಿದ್ದೆ. ನಾನು ಗೊರಕೆ ಹೊಡೆದೆನಂತೆ. ಸೂಜಿ ತೆಗೆದ ಮೇಲೆ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಭುಜ ಒತ್ತಿದರು. ಜೀವ ಬಾಯಿಗೆ ಬಂತು.

"ಇಲ್ಲಿ ನೋವಾಗ್ಲತದೇನ್ರಿ ಆಪಾ?"

"ಇಲ್ರಿ, ಆರಾಮ ಅದರಿ."

ಪಾಪ, ನಂಬಿದರು. ಆ ಜಾಗ ಬಿಟ್ಟು ಬೆನ್ನು, ಕುತ್ತಿಗೆ, ಎಡಭುಜ ಎಲ್ಲವನ್ನೂ ಮೂರು ಶನಿವಾರ ತಿಕ್ಕಿದರು. ಏನೂ ಆಗಿರದ ಎಡಗೈ ಹುಡುಗಿಯ ಕೈಯಂತಾಯಿತು. ಬಲಗೈ ಇದ್ದಲ್ಲೇ ಇತ್ತು.

ನಾಲ್ಕನೇ ಸಲ ದಿಂಬು ಒದ್ದೆಯಾದದ್ದನ್ನು ಅವರು ನೋಡಿಬಿಟ್ಟರು.

"ಕಣ್ಣಾಗ ನೀರು, ಬಾಯಾಗ ಆರಾಮ! ನೀವು ಹೇಳಲಿಲ್ಲಂದ್ರ ನಂಗ್ ಹ್ಯಾಂಗ ಗೊತ್ತಾಗ್ಬೇಕ್ರಿ? ಇವತ್ತು ಝೂಟ್ ಬ್ಯಾಡ. ನೋವಾದ್ರ ಚೀರ್ರಿ."

ಚೀರಿದೆ. ಹೊರಗೆ ಪಾಳಿ ಹಚ್ಚಿ ಕೂತಿದ್ದ ಒಬ್ಬರು ಚಪ್ಪಲಿ ಮೆಟ್ಟಿಕೊಂಡು ಮನೆಗೇ ಹೋದರಂತೆ. ಆದರೆ ಆ ದಿನದಿಂದ ಕೈ ಒಂದೊಂದೇ ಬೆರಳಷ್ಟು ಮೇಲೇಳತೊಡಗಿತು. ಎರಡು ತಿಂಗಳಿಗೆ ಬೋರ್ಡಿನ ತುದಿಯಲ್ಲಿ ತಾರೀಖು ಬರೆದೆ, ಮಕ್ಕಳು ಚಪ್ಪಾಳೆ ತಟ್ಟಿದರು. ಆ ಶನಿವಾರ ನಸ್ರೀನ್ ಬಾಯಿಯವರ ಎರಡೂ ಕೈ ಹಿಡಿದು, "ಆರಾಮ ಅದರಿ," ಎಂದೆ. ಅವರು ನಂಬಲಿಲ್ಲ. ಮೂರು ಸಲ ಕೈ ಎತ್ತಿಸಿ ನೋಡಿದ ಮೇಲೆಯೇ ನಕ್ಕರು. ಆ ಹೆಬ್ಬೆರಳಿನ ಋಣ ನನ್ನ ಮೇಲೆ ದೊಡ್ಡದು.

ಮರುದಿನ ಬೆಳಿಗ್ಗೆ ಮನೆಯವರಿಗೆ ಕೈ ಪೂರ್ತಿ ವಾಸಿಯಾದ ಸುದ್ದಿ ಹೇಳಬೇಕೆಂದು ಹೊರಬಂದೆ. ಅವರು ಎಣ್ಣೆ ಬೆಚ್ಚಗೆ ಮಾಡಿಕೊಂಡು, ಬಾಚಣಿಗೆ ಹಿಡಿದು ಆಗಲೇ ಕಾಯುತ್ತಿದ್ದರು. ಇಷ್ಟು ದಿನದಲ್ಲಿ ಅವರ ಕೈಯೂ ಮೆತ್ತಗಾಗಿದೆ. ಈಗೀಗ ಜಡೆ ಹೆಣೆಯುವಾಗ ನಡುನಡುವೆ, "ಭಾಳ ಬಿಗಿ ಆಯ್ತೇನು?" ಎಂದು ಕೇಳುತ್ತಾರೆ.

"ಇವತ್ತು ಹ್ಯಾಂಗದ ಕೈ?" ಎಂದರು.

ಜನ್ಮವಿಡೀ ಆರಾಮ ಎಂದೇ ಹೇಳಿಕೊಂಡು ಬಂದ ನನ್ನ ಬಾಯಿ, "ಇನ್ನೂ ಜರಾ ನೋವದರಿ," ಎಂದಿತು. ನಾನು ಬೆನ್ನು ತಿರುಗಿಸಿ ಸುಮ್ಮನೆ ಕೂತೆ.